ನೂರು ಪಂದ್ಯ, ಮೂರು ಆಪರೇಶನ್, ಒಂದು ಜೊತೆ ಊರುಗೋಲು

ಕಳೆದ ಶನಿವಾರ ನನ್ನ ನೂರನೇ ಪಂದ್ಯ ಆಡಿದೆ. ಅದೇ ಕೊನೆಯದು ಕೂಡ. ನಮ್ಮ ಕ್ಲಬ್ಬಿನಲ್ಲಿ ಮಂಡಿ ನೆಟ್ಟಗಿರುವವರು ಆರೇಳು ವರ್ಷದಲ್ಲಿ ನೂರು ಮುಗಿಸುತ್ತಾರೆ. ನನಗೆ ಹದಿಮೂರು ಸೀಸನ್ ಬೇಕಾಯಿತು.

ಪಂದ್ಯ ಮುಗಿದ ಮೇಲೆ ಎರಡು ಮಾತಾಡು ಅಂತ ಕೈಗೆ ಮೈಕ್ ಕೊಟ್ಟರು. ಗಂಟಲು ಕಟ್ಟಿತು. "ಎಲ್ಲರಿಗೂ ಥ್ಯಾಂಕ್ಸ್, ಊಟ ಆರುತ್ತಿದೆ, ಬನ್ನಿ" ಅಂದು ಇಳಿದುಬಿಟ್ಟೆ. ಅಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಅರ್ಧ ಜನ ಕನ್ನಡದವರು. ಅವರಲ್ಲಿ ಮುಕ್ಕಾಲು ಪಾಲಿಗೆ ನಾನು ಆಡುತ್ತಿದ್ದ ಆಟ ಯಾವುದೆಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ!

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಇಲ್ಲಿಯವರ ಬಾಯಲ್ಲಿ ಬರೀ ಫೂಟಿ. ಒಂದು ಕಡೆ 18 ಜನ, ಮೊಟ್ಟೆಯಾಕಾರದ ದೊಡ್ಡ ಮೈದಾನ, ಮೊಟ್ಟೆಯಾಕಾರದ ಚೆಂಡು. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಆರು ಪಾಯಿಂಟ್, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಗಾಳಿಯಲ್ಲಿ ಬಂದ ಚೆಂಡನ್ನು ಹಾರಿ ಹಿಡಿದರೆ ಅದಕ್ಕೆ ಮಾರ್ಕ್ ಅಂತಾರೆ. ಮೊದಲ ಸಲ ವಿಡಿಯೊದಲ್ಲಿ ತೋರಿಸಿದಾಗ ತಿಪಟೂರಿನಿಂದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಚೆಂಡೇ ದುಂಡಗಿಲ್ವಲ್ಲೋ, ಎತ್ತ ಹಾರುತ್ತೆ ಅಂತ ಹೆಂಗೋ ಗೊತ್ತಾಗುತ್ತೆ?" ಗೊತ್ತಾಗುವುದಿಲ್ಲ ಅಮ್ಮ. ಅದಕ್ಕೇ ಅಲ್ವಾ ಕಾಲು ತಿರುಚಿಕೊಳ್ಳೋದು.

ನಾನು ಈ ಆಟಕ್ಕೆ ಬಿದ್ದದ್ದು 2012ರ ಸೆಪ್ಟೆಂಬರ್ 29ರಂದು. ಆಗ ಸಿಡ್ನಿಯಲ್ಲಿ ಮೂವರು ಬ್ರಹ್ಮಚಾರಿಗಳು ಒಂದು ಬಾಡಿಗೆ ಮನೆಯಲ್ಲಿದ್ದೆವು. ಸಿಡ್ನಿ ಸ್ವಾನ್ಸ್ ಮತ್ತು ಹಾಥಾರ್ನ್ ನಡುವಿನ ಗ್ರ್ಯಾಂಡ್ ಫೈನಲ್ ಟಿವಿಯಲ್ಲಿ ಬರುತ್ತಿತ್ತು. ಮೆಲ್ಬರ್ನ್‌ನ ಎಂಸಿಜಿ ಮೈದಾನದಲ್ಲಿ 99,683 ಜನ. ಸ್ವಾನ್ಸ್ ಹತ್ತು ಪಾಯಿಂಟಿನಿಂದ ಗೆದ್ದಿತು. ಆಗ ನನಗೆ ನಿಯಮ ಒಂದೂ ತಿಳಿದಿರಲಿಲ್ಲ. ಈಗ ಹಿಂದೆ ತಿರುಗಿ ನೋಡಿದರೆ ಅದು ಮಂಡಿಗಳ ಪಂದ್ಯ. ಆ್ಯಡಂ ಗೂಡ್ಸ್ ಆಟದ ನಡುವೆಯೇ ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದುಕೊಂಡರೂ ಕುಂಟುತ್ತ ಕೊನೆಯ ತನಕ ಆಡಿದರು. ಗೆಲುವನ್ನು ಖಾತ್ರಿ ಮಾಡಿದ ಕೊನೆಯ ಗೋಲ್ ಹೊಡೆದದ್ದು ನಿಕ್ ಮಾಲ್ಸೆಸ್ಕಿ. 2008ರಲ್ಲಿ ಅವರ ಮಂಡಿಗೆ ಕೃತಕ ಲಿಗಮೆಂಟ್ ಹಾಕಿದ್ದರು. ಹಿಂದೆ ಡಿಫೆನ್ಸ್‌ನಲ್ಲಿ 20 ವರ್ಷದ ಒಬ್ಬ ಹುಡುಗ ಇದ್ದ, ಅಲೆಕ್ಸ್ ಜಾನ್ಸನ್. ಅವನ ಮಂಡಿ ಆಗಿನ್ನೂ ಸರಿಯಾಗೇ ಇತ್ತು. ಅವನ ಕಥೆಗೆ ಆಮೇಲೆ ಬರುತ್ತೇನೆ.

ಮರುವರ್ಷವೇ ಪಕ್ಕದ ಬಡಾವಣೆಯ ಕ್ಲಬ್ ಸೇರಿದೆ. ಅತಿ ಕೆಳಗಿನ ಗ್ರೇಡ್. ಶಾಲೆಯಲ್ಲಿ ಕಬಡ್ಡಿ, ಖೋಖೋ ಆಡಿದ ಕಾಲಿಗೆ ಓಡುವುದೇನೂ ಹೊಸದಲ್ಲ. ಹಾರಿದ ಮೇಲೆ ಇಳಿಯುವುದು ಹೊಸದು.

2015ರ ಜೂನ್‌ನಲ್ಲಿ ಎಡ ಮಂಡಿ ಹೋಯಿತು. ಯಾರೂ ಮುಟ್ಟಲಿಲ್ಲ. ಮಾರ್ಕ್ ಹಿಡಿಯಲು ಹಾರಿದೆ, ಒಂದೇ ಕಾಲಲ್ಲಿ ಇಳಿದೆ, ಪಾದ ಹುಲ್ಲಲ್ಲಿ ನೆಟ್ಟುಕೊಂಡಿತು, ಮೈ ಮಾತ್ರ ತಿರುಗಿತು. 'ಟಪ್' ಅಂತ ಒಂದು ಸದ್ದು. ಎಸಿಎಲ್ ಅಂತ ಇವರು ಕರೆಯುವ ಲಿಗಮೆಂಟ್ ತೊಡೆಯ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಮಂಡಿಯ ಒಳಗೆ ಹಿಡಿದಿಡುವ ದಾರ. ಹರಿದರೆ ಅದು ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದನ್ನು ನಂಬಿ ಕೂರುವ ಹಾಗಿಲ್ಲ. ಇಂಥ ಆಟ ಮತ್ತೆ ಆಡಬೇಕೆಂದರೆ ಸಾಮಾನ್ಯವಾಗಿ ತೊಡೆಯ ಹಿಂಭಾಗದ ಸ್ನಾಯುವಿನಿಂದ ಎಳೆ ತೆಗೆದು, ಮೂಳೆಗೆ ತೂತು ಕೊರೆದು, ಅಲ್ಲಿ ಕೂರಿಸುತ್ತಾರೆ. ಅಮ್ಮ ಫೋನಿನಲ್ಲಿ, "ಊರಿಗೆ ಬಾ, ಪುತ್ತೂರು ಕಟ್ಟು ಹಾಕಿಸೋಣ" ಅಂದರು. ಮುರಿದದ್ದು ಮೂಳೆಯಲ್ಲ ಅಂತ ವಿವರಿಸಲು ಅರ್ಧ ಗಂಟೆ ಬೇಕಾಯಿತು. ಕೊನೆಗೂ ಅವರು ಒಪ್ಪಲಿಲ್ಲ.

ಎರಡನೆಯದು ಪೂರ್ತಿ ನನ್ನದೇ ತಪ್ಪು. ಇಲ್ಲಿ ಮುಚ್ಚಿಡುವುದೇನಿಲ್ಲ. ಫಿಸಿಯೋ ಮೇಡಂ ಒಂಬತ್ತು ತಿಂಗಳಾದರೂ ಕಾಯಲೇಬೇಕು ಅಂದಿದ್ದರು. ಕೂರಿಸಿದ ಎಳೆ ಹೊರಗಿನಿಂದ ಗಟ್ಟಿ ಅನಿಸಿದರೂ ಒಳಗೆ ಅದಿನ್ನೂ ಲಿಗಮೆಂಟ್ ಆಗಿ ಬದಲಾಗುತ್ತಿರುತ್ತದೆ, ಅವಸರ ಮಾಡಿದವರಿಗೆ ಮತ್ತೆ ಹರಿಯುವ ಅಪಾಯ ಜಾಸ್ತಿ ಅಂತಲೂ ಹೇಳಿದ್ದರು. ನಾನು ಆರನೇ ತಿಂಗಳಿಗೇ ಅಭ್ಯಾಸ ಪಂದ್ಯಕ್ಕೆ ಇಳಿದೆ. ಮೂರನೇ ಕ್ವಾರ್ಟರ್‌ನಲ್ಲಿ ಅದೇ ಸದ್ದು.

ಮೇಡಂ, ನಿಮಗೆ ಮೊದಲ ಥ್ಯಾಂಕ್ಸ್. ಮತ್ತೆ ನಿಮ್ಮ ಬಾಗಿಲಿಗೆ ಊರುಗೋಲು ಊರಿಕೊಂಡು ಬಂದಾಗ "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು, "ಒತ್ತಿ, ಐದು ಎಣಿಸಿ" ಅಂದಿರಿ, ಅಷ್ಟೆ. ಆ ಟವೆಲ್ ಒತ್ತುವ ವ್ಯಾಯಾಮದಷ್ಟು ಬೇಜಾರಿನ ಕೆಲಸ ಪ್ರಪಂಚದಲ್ಲಿ ಇನ್ನೊಂದಿಲ್ಲ. ದಿನಕ್ಕೆ ಮೂರು ಸಲ, ವಾರಗಟ್ಟಲೆ. ಮಂಡಿ ನೆಟ್ಟಗಾದರೆ ಅದೇ ಹಬ್ಬ. ಆಮೇಲೆ ಸೈಕಲ್, ಆಮೇಲೆ ನಡಿಗೆ, ಎಷ್ಟೋ ತಿಂಗಳ ಮೇಲೆ ಒಂಟಿ ಕಾಲಲ್ಲಿ ಜಿಗಿತ. ಒಳ್ಳೆಯ ಕಾಲು ಎಷ್ಟು ದೂರ ಜಿಗಿಯುತ್ತದೋ ಅದರ ನೂರಕ್ಕೆ ತೊಂಬತ್ತರಷ್ಟನ್ನಾದರೂ ಕೆಟ್ಟ ಕಾಲು ಜಿಗಿಯಬೇಕು. ನನ್ನದು ಎಂಬತ್ತೆಂಟಕ್ಕೆ ಬಂದಾಗ, "ಮೇಡಂ, ಎರಡು ಬಿಟ್ಟುಬಿಡಿ" ಅಂತ ತರಕಾರಿ ಅಂಗಡಿಯಲ್ಲಿ ಕೇಳಿದ ಹಾಗೆ ಕೇಳಿದ್ದೆ. ನೀವು ಬಿಡಲಿಲ್ಲ.

ಎರಡನೇ ಆಪರೇಶನ್‌ಗೆ ಅಮ್ಮ ಬಂದರು. ಮೂರು ತಿಂಗಳು ಇದ್ದರು. ಹುರುಳಿಕಟ್ಟಿನ ಸಾರು, ರಾಗಿ ಅಂಬಲಿ, ರಾತ್ರಿ ಹರಳೆಣ್ಣೆ. ಹೊಲಿಗೆಯ ಹತ್ತಿರ ಎಣ್ಣೆ ತಾಗಬಾರದು ಅಂದಿದ್ದಕ್ಕೆ ಪಾದಕ್ಕಾದರೂ ಹಚ್ಚುತ್ತೇನೆ ಅಂತ ಕೂತರು. ಒಂದು ದಿನವೂ "ಆಟ ಬಿಡು" ಅನ್ನಲಿಲ್ಲ. ಹೋಗುವ ದಿನ ಏರ್‌ಪೋರ್ಟಿನಲ್ಲಿ ಮಾತ್ರ, "ಆ ಚೆಂಡನ್ನ ಸ್ವಲ್ಪ ದುಂಡಗೆ ಮಾಡೋಕೆ ಹೇಳೋ" ಅಂದರು.

ಈಗ ಅಲೆಕ್ಸ್ ಜಾನ್ಸನ್. ಅವರಿಗೆ ನಾನು ಯಾರೆಂದು ಗೊತ್ತಿಲ್ಲ, ಕನ್ನಡವೂ ಬರುವುದಿಲ್ಲ. ಆದರೂ ಅವರ ಋಣ ಇದೆ. ಆ ಗ್ರ್ಯಾಂಡ್ ಫೈನಲ್ ಆದ ಮೇಲೆ, 2013ರ ಸೀಸನ್ ಶುರುವಾಗುವ ಮುನ್ನವೇ ಅವರ ಎಡ ಮಂಡಿಯ ಎಸಿಎಲ್ ಹರಿಯಿತು. ಸರಿ ಮಾಡಿದರು, ಮತ್ತೆ ಹೋಯಿತು. ಅದೇ ಮಂಡಿಗೆ ಐದು ಸಲ ಲಿಗಮೆಂಟ್ ಕೂರಿಸಿದರು. ಐದು! ನಾನು ಎರಡಕ್ಕೇ ಗೋಡೆ ನೋಡುತ್ತ ಮಲಗಿದ್ದವನು. ಕ್ಲಬ್ ಕೂಡ ಅವರನ್ನು ಪೂರ್ತಿ ಕೈಬಿಡಲಿಲ್ಲ, ಅದೂ ದೊಡ್ಡ ಮಾತೇ.

2018ರ ಆಗಸ್ಟ್ 4ರಂದು ಸಿಡ್ನಿ ಕ್ರಿಕೆಟ್ ಗ್ರೌಂಡಿನಲ್ಲಿ ಕಾಲಿಂಗ್‌ವುಡ್ ವಿರುದ್ಧ ಅವರು ಮತ್ತೆ ಇಳಿದರು. ಆ ಫೈನಲ್ ಆಗಿ ಆರು ವರ್ಷಕ್ಕೆ ಎರಡೇ ತಿಂಗಳು ಕಮ್ಮಿ. ನಾನು ಅಲ್ಲಿದ್ದೆ. ಆಗ ನನ್ನ ಪರಿಸ್ಥಿತಿ ಹೀಗಿತ್ತು: ಡಾಕ್ಟರು, ಫಿಸಿಯೋ ಇಬ್ಬರೂ ಆಡಬಹುದು ಅಂತ ಹೇಳಿ ಒಂದು ವರ್ಷ ಆಗಿತ್ತು. ಏನಾದರೊಂದು ನೆಪ ಹೇಳಿ ನಾನು ಆಡುತ್ತಿರಲಿಲ್ಲ. ಸುಮ್ನೆ ಭಯ. ಜಾನ್ಸನ್ ಚೆಂಡು ಮುಟ್ಟಿದಾಗಲೆಲ್ಲ ಜನ ಕೂಗುತ್ತಿದ್ದರು. ನಾನು ಚೆಂಡು ನೋಡಲೇ ಇಲ್ಲ, ಅವರ ಕಾಲು ಇಳಿಯುವುದನ್ನೇ ನೋಡುತ್ತಿದ್ದೆ. ಸ್ವಾನ್ಸ್ ಕೂದಲೆಳೆಯ ಅಂತರದಲ್ಲಿ ಗೆದ್ದಿತು.

ಮುಂದಿನ ವಾರ ಎಂಸಿಜಿಯಲ್ಲಿ ಮೆಲ್ಬರ್ನ್ ತಂಡದ ಮೇಲೆ ಆಡುವಾಗ ಅವರ ಬಲ ಮಂಡಿಯ ಎಸಿಎಲ್ ಹರಿಯಿತು. ಅಲ್ಲಿಯವರೆಗೆ ಸರಿಯಿದ್ದ ಮಂಡಿ. ಟಿವಿ ಆರಿಸಿ ಎದ್ದುಹೋದೆ. ಆ ವರ್ಷದ ಕೊನೆಗೆ ಸ್ವಾನ್ಸ್ ಜೊತೆಗಿನ ಅವರ ನಂಟು ಮುಗಿಯಿತು. ಒಟ್ಟು 47 ಪಂದ್ಯ.

ಇದನ್ನು ಎಲ್ಲರೂ ದುರಂತ ಅಂತಾರೆ. ಕೆಲವರು ಇದರಿಂದ ಛಲ, ಸಾಧನೆ ಅಂತ ಭಾಷಣ ತೆಗೆಯುತ್ತಾರೆ. ನನಗೆ ಎರಡೂ ಹಿಡಿಸುವುದಿಲ್ಲ. ಮುಂದಿನ ವಾರ ಏನಾಗುತ್ತದೆ ಅಂತ ಗೊತ್ತಿದ್ದರೂ ಆಗಸ್ಟ್ 4ರಂದು ಆಡುತ್ತಿದ್ದರಾ? ಆಡುತ್ತಿದ್ದರು ಅಂತಲೇ ನನಗನಿಸುತ್ತದೆ. ಇದು ನನ್ನ ಊಹೆ, ಅವರ ಮಾತಲ್ಲ. ಆದರೆ ಆ ಊಹೆಯನ್ನೇ ಹಿಡಿದುಕೊಂಡು 2019ರ ಏಪ್ರಿಲ್‌ನಲ್ಲಿ ನಾನು ಮತ್ತೆ ಇಳಿದೆ. ಕಾಲು ನಡುಗುತ್ತಿತ್ತು, ನಾಲ್ಕು ಸಲವಷ್ಟೇ ಚೆಂಡು ಸಿಕ್ಕಿತು, ನಾವು ಸೋತೆವು. ಮನೆಗೆ ಬಂದು ಎರಡು ತಟ್ಟೆ ಬಿಸಿಬೇಳೆಬಾತ್ ತಿಂದೆ.

2022ರಲ್ಲಿ ನನ್ನ ಬಲ ಮಂಡಿಯೂ ಹೋಯಿತು. ಆಡಿದ ಪಂದ್ಯಗಳ ಲೆಕ್ಕ 76ರಲ್ಲಿ ನಿಂತಿತ್ತು. ಅದರ ಬಗ್ಗೆ ಹೇಳಲು ಹೊಸದೇನಿಲ್ಲ. ಅದೇ ಟವೆಲ್, ಅದೇ ಐದು ಎಣಿಕೆ.

ಹೆಂಡತಿಗೆ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳುತ್ತೇನೆ, ಆದರೂ ಹೇಳುತ್ತೇನೆ. ಮೂರು ಸಲವೂ ಆಸ್ಪತ್ರೆಯಿಂದ ಕರೆತಂದವಳು ಅವಳು. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್ ಹಾಕಿ, ಕಾಲಿಗೆ ಕವರ್ ಸುತ್ತಿದವಳು. ಫೂಟಿ ನೋಡುವವಳಲ್ಲ. ಒಂದೇ ಒಂದು ಪಂದ್ಯ ನೋಡಿದ್ದಾಳೆ: 2019ರ ಮಹಿಳೆಯರ ಗ್ರ್ಯಾಂಡ್ ಫೈನಲ್. ಅಡಿಲೇಡ್ ಓವಲ್‌ನಲ್ಲಿ 53,034 ಜನ. ಅಡಿಲೇಡ್ ತಂಡದ ಎರಿನ್ ಫಿಲಿಪ್ಸ್ ಅವತ್ತಿನ ಅತ್ಯುತ್ತಮ ಆಟಗಾರ್ತಿ. ಮೂರನೇ ಕ್ವಾರ್ಟರ್‌ನಲ್ಲಿ ಅವರ ಎಸಿಎಲ್ ಹರಿಯಿತು, ಹೊರಗೆ ಕರೆದೊಯ್ಯುವಾಗ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇವಳು ಕಣ್ಣೊರೆಸಿಕೊಂಡು, "ರೀ, ಅವರ ಮನೇಲಿ ಸ್ನಾನಕ್ಕೆ ಸ್ಟೂಲ್ ಇದೆಯೋ ಇಲ್ವೋ" ಅಂದಳು. ಫಿಲಿಪ್ಸ್ ಮರುವರ್ಷ ಮತ್ತೆ ಆಡಿದರು. ಆ ಸುದ್ದಿ ಮೊದಲು ಹೇಳಿದ್ದೂ ಇವಳೇ.

ಕ್ಲಬ್ಬಿನವರಿಗೆ. ಆಡಲಾಗದ ವರ್ಷಗಳಲ್ಲಿ "ಯಾವಾಗ ವಾಪಸ್ ಬರ್ತೀಯ?" ಅಂತ ಕೇಳದೆ ಕೈಗೆ ಎರಡು ಬಾವುಟ ಕೊಟ್ಟಿರಿ. ಗೋಲ್ ಅಂಪೈರ್ ಕೆಲಸ. ಗೋಲ್ ಆದರೆ ಎರಡೂ ತೋರುಬೆರಳು ಮುಂದಕ್ಕೆ, ಆಮೇಲೆ ಎರಡೂ ಬಾವುಟ. ಒಂದೇ ಪಾಯಿಂಟ್ ಆದರೆ ಒಂದು ಬಾವುಟ. ಕಂಬಕ್ಕೆ ಒರಗಬಾರದು, ಅದೊಂದೇ ಕಷ್ಟ. ಆ ಬಾವುಟ ಇಲ್ಲದಿದ್ದರೆ ಶನಿವಾರಗಳಲ್ಲಿ ನಾನು ಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ.

ಜರ್ಸಿ ಒಗೆಯುವ ನಮ್ಮ ಅಜ್ಜನ ವಿಷಯ ಮೊನ್ನೆಯಷ್ಟೇ ತಿಳಿಯಿತು. ನನ್ನ 23ನೇ ನಂಬರಿನ ಜರ್ಸಿ ಯಾರಾದರೂ ಹೊಸಬರು ಕೇಳಿದಾಗೆಲ್ಲ "ಅದು ಕಳೆದುಹೋಗಿದೆ, ಹುಡುಕ್ತಿದೀನಿ" ಅನ್ನುತ್ತಿದ್ದರಂತೆ. ಹೀಗೆ ಮೂರು ವರ್ಷ ಹುಡುಕಿದ್ದಾರೆ. ಅದು ಇದ್ದದ್ದು ಅವರ ಮನೆಯ ಬೀರುವಿನಲ್ಲಿ. ಅಜ್ಜಾ, ಶನಿವಾರ ಅದನ್ನು ಇಸ್ತ್ರಿ ಮಾಡಿ ಕೊಟ್ಟಿರಿ. ಫೂಟಿ ಜರ್ಸಿಗೆ ಯಾರಾದರೂ ಇಸ್ತ್ರಿ ಹಾಕುತ್ತಾರಾ?

ಬ್ಯಾನರ್ ಮಾಡಿದ ಮಕ್ಕಳಿಗೆ. ಆಟಗಾರ ಹರಿದುಕೊಂಡು ಒಳಗೆ ಓಡಲಿ ಅಂತ ಕಾಗದದ ಬ್ಯಾನರ್ ಕಟ್ಟುವುದು ಇಲ್ಲಿಯ ಪದ್ಧತಿ. ನಮ್ಮ ಕ್ಯಾಪ್ಟನ್ ಮಗಳು ಎಲ್ಲೋ ನೋಡಿ ಕನ್ನಡದಲ್ಲಿ 'ನುರು' ಅಂತ ಬರೆದಿದ್ದಳು. ದೀರ್ಘ ಬಿಟ್ಟುಹೋಗಿತ್ತು. ಅದನ್ನು ಹರಿಯಲು ಮನಸ್ಸು ಬರಲಿಲ್ಲ, ಪಕ್ಕದಿಂದ ನುಸುಳಿ ಹೋದೆ. ಈಗ ಆ ತುಂಡು ನಮ್ಮ ಅಡುಗೆಮನೆಯ ಫ್ರಿಜ್ ಮೇಲಿದೆ.

ಶನಿವಾರ ಪಂದ್ಯ ಮುಗಿದ ಮೇಲೆ ನನ್ನನ್ನು ಎರಡು ಹೆಗಲ ಮೇಲೆ ಹೊತ್ತು ತಂದ ಇಬ್ಬರಿಗೂ ಥ್ಯಾಂಕ್ಸ್, ಕ್ಷಮೆಯೂ ಇರಲಿ. ತೂಕ ಜಾಸ್ತಿಯಾಗಿದೆ. ನಿಮ್ಮ ಮಂಡಿ ಹುಷಾರು.

ಕೊನೆಗೆ ಒಂದು ಸಣ್ಣ ಕೆಲಸದ ಮಾತು. ಮೊದಲ ಆಪರೇಶನ್ ಆದಾಗ ನಮ್ಮ ಕನ್ನಡ ಗೆಳೆಯರಲ್ಲಿ ಯಾರೋ ಒಬ್ಬರು ಒಂದು ಜೊತೆ ಅಲ್ಯೂಮಿನಿಯಂ ಊರುಗೋಲು ತಂದು ಬಾಗಿಲ ಹತ್ತಿರ ಇಟ್ಟು ಹೋಗಿದ್ದರು. ಮಾತ್ರೆಯ ಮಂಪರಿನಲ್ಲಿದ್ದೆ, ಯಾರೆಂದು ನೋಡಲಿಲ್ಲ. ಮೂರೂ ಸಲ ಅದರಲ್ಲೇ ನಡೆದಿದ್ದೇನೆ. ಎಡಗಡೆಯದರ ರಬ್ಬರ್ ಬುಡ ಸವೆದಿತ್ತು, ಹೊಸದು ಹಾಕಿಸಿದ್ದೇನೆ. ಗ್ಯಾರೇಜಿನಲ್ಲಿ ಒರೆಸಿ ಇಟ್ಟಿದೆ. ನಿಮ್ಮದಾಗಿದ್ದರೆ ಫೋನ್ ಮಾಡಿ, ನಾನೇ ತಂದುಕೊಡುತ್ತೇನೆ. ನಡೆದುಕೊಂಡೇ ಬರುತ್ತೇನೆ.