ಅರ್ಧ ಕಲಂ ಓದಿ ಕಾನೂನು ಹೇಳಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ವಿಜಯಪುರದಾಗ ಈಗ ಚಾದಂಗಡಿ ಮುಂದ ಕುಂತವರೆಲ್ಲಾ ಮೊಬೈಲ್ ತೋರಿಸಿ ಕಾನೂನು ಹೇಳಾಕತ್ತಾರ, 2024ರ ಜುಲೈ 1ಕ್ಕ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) ಬದಲಿಗೆ ಅಪರಾಧ-ಶಿಕ್ಷೆಯ ಹೊಸಾ ಕಾಯ್ದೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮ್ಯಾಲಂತೂ ಇದು ಭಾಳ ಆಗೇತಿ. ಮೊನ್ನೆ ಒಬ್ಬಾಂವ 20ನೇ ಕಲಂದ ಫೋಟೋ ಅರ್ಧಕ್ಕ ಕಟ್ ಮಾಡಿ, ‘ನಥಿಂಗ್ ಈಸ್ ಆ್ಯನ್ ಅಫೆನ್ಸ್’ ಅಂತ ಇರೂದಷ್ಟ ತೋರಿಸಿ, ನೋಡ್ರಿ ಇನ್ನ ಯಾವುದೂ ಅಪರಾಧ ಅಲ್ಲ ಅಂದಾ, ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಪೂರ್ತಿ ಓದಿದ್ರ ಅಲ್ಲಿರೂದು ಏಳು ವರ್ಷದೊಳಗಿನ ಕೂಸು ಮಾಡಿದ್ದು ಅಪರಾಧ ಅಲ್ಲ ಅಂತ. ಇನ್ನೊಬ್ರು, ಕಾಯ್ದೆದಾಗ ‘ಹಿ’ (ಅಂವ) ಅಂತ ಐತಿ, ಹೆಂಗಸರಿಗೆ ಶಿಕ್ಷೆನ ಇಲ್ಲ ಅಂತಾರ, ಅದು ಹೆಣ್ಣಿಗೂ ತೃತೀಯ ಲಿಂಗಿಗೂ ಹತ್ತತೈತಿ ಅಂತ 2ನೇ ಕಲಂದಾಗ ಬರದದ್ದು ನೋಡೂದ ಇಲ್ಲ.

ನಗು ಬರ್ತೈತಿ ಖರೆ, ಆದ್ರ ಇದ ಹವ್ಯಾಸ ಹೊಲದ ಜಗಳಕ್ಕ, ಜಾಮೀನಿಗೆ ಬಂದ್ರ ಬಡವರ ಗತಿ ಏನ್ರಿ? ಹಳೇದ್ರಾಗ 302 ಅಂದ್ರ ಕೊಲೆ, ಹೊಸಾದ್ರಾಗ ಕೊಲೆಗೆ 103, 302 ಅಂದ್ರ ಧಾರ್ಮಿಕ ಭಾವನೆ ನೋಯಿಸೋ ಮಾತು. ಬರೇ ನಂಬರ್ ನೋಡಿ ಹೆದರಿ ಊಟ ಬಿಟ್ಟು ಕುಂತವರನ್ನ ನೋಡೀನಿ.

ದಯಮಾಡಿ ವಾರಕ್ಕ ಒಂದೊಂದು ಕಲಂ ಪೂರ್ತಿ, ಉದಾಹರಣೆ ಸಮೇತ ಛಾಪಿಸ್ರಿ, ಸಂಗಾಟ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿ ನಂಬರ್ ಸುದ್ದಾ ಹಾಕ್ರಿ.

ಒಬ್ಬ ಓದುಗ, ವಿಜಯಪುರ