ಬಾವಲಿಗೆ ಸಿಕ್ಕ ಆಸರೆ ಅಣಬೆಗೂ ಸಿಗಲಿ

ಮಾನ್ಯ ಕೇಂದ್ರ ಪರಿಸರ ಸಚಿವರಿಗೆ ನಮಸ್ಕಾರಗಳು.

1948ರಲ್ಲಿ ತಮಿಳುನಾಡಿನ ಮೇಘಮಲೆಯಲ್ಲಿ ಸಿಕ್ಕ ಬಾವಲಿಯೊಂದಕ್ಕೆ, ಎಲ್ಲೆಡೆ ಕಾಣುವ ಮೊಂಡುಮೂಗಿನ ಹಣ್ಣುಬಾವಲಿ ಎಂದೇ ಚೀಟಿ ಅಂಟಿಸಿ ಎತ್ತಿಟ್ಟರು. ಇಪ್ಪತ್ನಾಲ್ಕು ವರ್ಷ ಅದು ತನ್ನದಲ್ಲದ ಹೆಸರಿನಲ್ಲೇ ಉಳಿಯಿತು. 1972ರಲ್ಲಿ ಥಾಯ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಿಟ್ಟಿ ತೊಂಗ್ಲೊಂಗ್ಯ ಅದರ ಹಲ್ಲುಗಳನ್ನು ನೋಡಿ, ಬಾಲವೇ ಇಲ್ಲದ್ದನ್ನೂ ಗಮನಿಸಿ, ಇದು ಬೇರೆಯದೇ ಕುಲವೆಂದು ಗುರುತಿಸಿದರು. ಪಕ್ಷಿತಜ್ಞ ಸಲೀಂ ಅಲಿ ಅವರ ಹೆಸರಿಟ್ಟರು. ಅದೇ ವರ್ಷ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಸಾಲಿನಲ್ಲಿ ಉಪದ್ರವಿಗಳೆಂದು ಕೂರಿಸಿತ್ತು. ಆದರೂ ಈ ಒಂದು ಬಾವಲಿಯನ್ನು ಮುಂದೆ ಆ ಸಾಲಿನಿಂದ ಎತ್ತಿ, ಅತಿ ಹೆಚ್ಚು ರಕ್ಷಣೆ ಕೊಡುವ ಪಟ್ಟಿಯಾದ ಒಂದನೇ ಅನುಸೂಚಿಗೆ ಸೇರಿಸಲಾಯಿತು. ಹೆಸರು ಸರಿಯಾದದ್ದರಿಂದಲೇ ಅದು ಸಾಧ್ಯವಾಯಿತು ಎಂದು ನಾನು ನಂಬಿದ್ದೇನೆ.

ಈಗ ಹಿಮಾಲಯದ ಕೀಡಾಜಡಿಯನ್ನು ನೋಡಿ. ಮಣ್ಣಿನೊಳಗಿನ ಪತಂಗದ ಹುಳುವಿಗೆ ಸೋಂಕಿ, ಅದನ್ನು ಕೊಂದು, ಹಿಮ ಕರಗಿದಾಗ ಅದರ ತಲೆಯಿಂದಲೇ ಕಡ್ಡಿಯಂತೆ ಮೇಲೇಳುವ ಶಿಲೀಂಧ್ರವಿದು. ವಿಜ್ಞಾನ ಇದಕ್ಕೆ 1843ರಲ್ಲೇ ಹೆಸರು ಕೊಟ್ಟಿದೆ. ಔಷಧಿಯ ಮಾರುಕಟ್ಟೆಗಂತೂ ಇದರ ಪರಿಚಯ ಬೇಕಿಲ್ಲ; ಅತಿಯಾದ ಸಂಗ್ರಹದಿಂದ ಹದಿನೈದು ವರ್ಷಗಳಲ್ಲಿ ಕನಿಷ್ಠ ಶೇ 30ರಷ್ಟು ಕುಸಿದಿದೆ ಎಂದು ಅಂದಾಜಿಸಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2020ರಲ್ಲಿ ಇದನ್ನು ಕೆಂಪು ಪಟ್ಟಿಯ ಅಪಾಯದ ವರ್ಗಕ್ಕೆ ಸೇರಿಸಿತು. ಬಾವಲಿಗೆ ಇಲ್ಲದಿದ್ದ ಹೆಸರು ಇದಕ್ಕಿದೆ, ಬಾವಲಿಗೆ ದೊರೆತ ರಕ್ಷಣೆ ಇದಕ್ಕಿಲ್ಲ. 2022ರ ತಿದ್ದುಪಡಿಯ ನಂತರ ಆ ಕಾಯ್ದೆಯಲ್ಲಿ ಪ್ರಾಣಿಗಳಿಗೆ ಎರಡು ಅನುಸೂಚಿಗಳಿವೆ, ಸಸ್ಯಗಳಿಗೆ ಒಂದಿದೆ. ಶಿಲೀಂಧ್ರಗಳಿಗೆಂದು ಒಂದೂ ಇಲ್ಲ. ಅವು ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ಗುಹೆಯ ಬಾವಲಿಯನ್ನು ಉಳಿಸಲು ಗುಹೆಯನ್ನೂ ಸುತ್ತಲ ಕಾಡನ್ನೂ ಕಾಯಬೇಕು. ಕೀಡಾಜಡಿಗೆ ಬೇಕಾದದ್ದು ಬೇರೆ. ಬೀಜಕಣ ಉದುರುವ ಮೊದಲೇ ಎಲ್ಲವನ್ನೂ ಕಿತ್ತರೆ ಮುಂದಿನ ವರ್ಷದ ಹುಳುಗಳಿಗೆ ಸೋಂಕುವುದಾದರೂ ಯಾವುದು? ಇದನ್ನು ಆರಿಸಿಯೇ ಬದುಕುವ ಬೆಟ್ಟದ ಕುಟುಂಬಗಳಿವೆ, ಹಾಗಾಗಿ ಪೂರ್ಣ ನಿಷೇಧವನ್ನು ನಾನು ಕೇಳುತ್ತಿಲ್ಲ. ಸಂಗ್ರಹದ ಋತುವನ್ನು ಬೇಗ ಮುಗಿಸಿ, ಕಡೆಯಲ್ಲಿ ಮೇಲೇಳುವ ಅಣಬೆಗಳನ್ನು ಹುಲ್ಲುಗಾವಲಿನಲ್ಲೇ ಬಿಡುವ ನಿಯಮವನ್ನು ಆ ಊರಿನವರ ಜೊತೆ ಕುಳಿತು ರೂಪಿಸಿ. ಕಾಯ್ದೆಗೆ ಶಿಲೀಂಧ್ರಗಳ ಅನುಸೂಚಿಯೊಂದನ್ನು ಸೇರಿಸುವ ತಿದ್ದುಪಡಿಯನ್ನು ಸಂಸತ್ತಿನ ಮುಂದೆ ತನ್ನಿ. ಅದರ ಮೊದಲ ಸಾಲಿನಲ್ಲಿ ಕೀಡಾಜಡಿಯ ಹೆಸರಿರಲಿ.

ಇಂತಿ,
ಒಬ್ಬ ನಾಗರಿಕ