‘ನರ ಒಣಗಿದೆ’ ಎಂಬ ಮಾತು ನಿಲ್ಲಲಿ

ಮಾನ್ಯ ಸಂಪಾದಕರೇ,

ಇರುಳುಗಣ್ಣಿನವರು ಪರೀಕ್ಷೆ ಮುಗಿಸಿ ಹೊರಬರುವಾಗ ಒಂದು ಮಾತನ್ನು ಹೊತ್ತು ಬರುತ್ತಾರೆ: ‘ಕಣ್ಣಿನ ನರ ಒಣಗಿದೆ, ಇನ್ನೇನೂ ಮಾಡಲಿಕ್ಕಿಲ್ಲ.’ ಜೀನಿನ ದೋಷದಿಂದ ಕಣ್ಣಿನ ಬೆಳಕು ಹಿಡಿಯುವ ಕೋಶಗಳು ಸಾಯುತ್ತ ಹೋಗುವ ಕಾಯಿಲೆಗಿರುವ ರೆಟಿನೈಟಿಸ್ ಪಿಗ್ಮೆಂಟೋಸಾ (ಆರ್‌ಪಿ) ಎಂಬ ಉದ್ದ ಹೆಸರನ್ನು ಬಿಡಿಸಿ ಹೇಳುವ ಪುರುಸೊತ್ತಿಲ್ಲದೆ ಹುಟ್ಟಿದ ಮಾತಿದು. ಹೇಳುವವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಆ ಮಾತಿನ ಎರಡು ತುಂಡೂ ತಪ್ಪು. ಅದನ್ನು ನಂಬಿದ ಮನೆಗಳು ಒಂದೋ ಕೈಕಟ್ಟಿ ಕೂರುತ್ತವೆ, ಇಲ್ಲವೇ ಜಮೀನು ಅಡವಿಟ್ಟು ಸುಳ್ಳು ಚಿಕಿತ್ಸೆಯ ಹಿಂದೆ ಹೋಗುತ್ತವೆ.

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲ, ಅಂದರೆ ರೆಟಿನಾ, ಸುಮಾರು ಕಾಲು ಮಿಲಿಮೀಟರ್ ದಪ್ಪ. ಅದರಲ್ಲಿ ಕೋಶಗಳು ಮೂರು ಸಾಲಾಗಿ ಕೂತಿವೆ. ಬೆಳಕು ಹಿಡಿಯುವುದು ಹಿಂದಿನ ಸಾಲು. ಮಬ್ಬಿನಲ್ಲಿ ಕೆಲಸ ಮಾಡುವ ರಾಡ್‌ಗಳು ಅಲ್ಲಿ ಸುಮಾರು 9ರಿಂದ 12 ಕೋಟಿ ಇವೆ. ಬಣ್ಣವನ್ನೂ ಅಕ್ಷರವನ್ನೂ ಗುರುತಿಸುವ ಕೋನ್‌ಗಳು 50-60 ಲಕ್ಷ. ನಡುವಿನ ಬೈಪೋಲಾರ್ ಕೋಶಗಳು ಅವುಗಳ ಸುದ್ದಿಯನ್ನು ಮುಂದಿನ ಗ್ಯಾಂಗ್ಲಿಯಾನ್ ಕೋಶಗಳಿಗೆ ದಾಟಿಸುತ್ತವೆ. ಆ ಗ್ಯಾಂಗ್ಲಿಯಾನ್ ಕೋಶಗಳ ಹತ್ತು ಲಕ್ಷಕ್ಕೂ ಮಿಕ್ಕಿದ ಎಳೆಗಳು ಸೇರಿ ಮಿದುಳಿಗೆ ಹೋಗುವ ನರವಾಗುತ್ತದೆ. ಆರ್‌ಪಿಯಲ್ಲಿ ಮೊದಲು ಸಾಯುವುದು ರಾಡ್‌ಗಳು. ನರದ ಎಳೆಗಳೇ ಮೊದಲು ಸಾಯುವ ಕಾಯಿಲೆ ಬೇರೆಯೇ ಇದೆ, ಅದು ಗ್ಲಾಕೋಮಾ. ಎರಡಕ್ಕೂ ‘ನರ ಒಣಗಿದೆ’ ಎಂದುಬಿಟ್ಟರೆ ತನಗೇನಾಗಿದೆ ಎಂದು ರೋಗಿಗೆ ತಿಳಿಯುವುದಾದರೂ ಹೇಗೆ?

ರಾಡ್ ಕೋಶದ ತುದಿಯಲ್ಲಿ, ನೀರುದೋಸೆ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ, ಸುಮಾರು ಸಾವಿರ ತೆಳು ಬಿಲ್ಲೆಗಳಿವೆ. ದಿನಕ್ಕೆ ಅವುಗಳಲ್ಲಿ ಹತ್ತನೇ ಒಂದು ಪಾಲು ಉದುರುತ್ತದೆ. ಹಿಂದಿರುವ ಕಪ್ಪು ಪದರ ಅದನ್ನು ನುಂಗಿ ಅರಗಿಸುತ್ತದೆ, ಬುಡದಲ್ಲಿ ಹೊಸ ಬಿಲ್ಲೆ ಹುಟ್ಟುತ್ತದೆ. ಹತ್ತು ದಿನಕ್ಕೆ ಇಡೀ ಅಟ್ಟಿಯೇ ಹೊಸತು. ಇಂಥ ದುಡಿಮೆಯ ನಡುವೆ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡರೂ ಕೋಶಕ್ಕೆ ತಡೆಯಲಾಗುವುದಿಲ್ಲ. 1990ರಲ್ಲಿ, ಬೆಳಕು ಹಿಡಿಯುವ ರೊಡಾಪ್ಸಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ಇಂಥ ತಪ್ಪು ಸಿಕ್ಕಿತು. ಈಗ ಆರ್‌ಪಿ ತರುವ ಜೀನುಗಳು 80ಕ್ಕೂ ಹೆಚ್ಚು ಗೊತ್ತಿವೆ. ರಾಡ್ ಕಡಿಮೆಯಾದವರಿಗೆ ಮುಸ್ಸಂಜೆಯಲ್ಲಿ ಕಾಲುಸಂಕದ ಅಂಚು ಕಾಣುವುದಿಲ್ಲ; ಯಕ್ಷಗಾನದ ರಂಗಸ್ಥಳದ ಬೆಳಕಿನಿಂದ ಗದ್ದೆಯ ಪುಣಿಗೆ ಕಾಲಿಟ್ಟೊಡನೆ ಎಲ್ಲವೂ ಕಪ್ಪು. ಮುಂದೆ ಸುತ್ತಲಿನ ನೋಟ ಕುಗ್ಗುತ್ತ ಬಂದು ಕೊಳವೆಯೊಳಗಿನಿಂದ ನೋಡಿದಂತಾಗುತ್ತದೆ.

ತಪ್ಪು ರಾಡ್‌ನ ಜೀನಿನಲ್ಲಿ ಮಾತ್ರ ಇದ್ದರೂ ಏನೂ ದೋಷವಿಲ್ಲದ ಕೋನ್‌ಗಳು ವರ್ಷಗಳ ಬಳಿಕ ಸಾಯುವುದೇಕೆ? ರಾಡ್‌ಗಳು ಸ್ರವಿಸುವ ಒಂದು ಪ್ರೋಟೀನು ಕೋನ್‌ಗಳನ್ನು ಬದುಕಿಸಿಡುತ್ತದೆ ಎಂದು ಫ್ರಾನ್ಸಿನ ಸಾಹೆಲ್ ಮತ್ತು ಲೆವೆಯಾರ್ ಅವರ ತಂಡ 2004ರಲ್ಲಿ ತೋರಿಸಿತು. ರಾಡ್‌ಗಳು ಬಳಸಬೇಕಿದ್ದ ಆಮ್ಲಜನಕ ಮಿಕ್ಕಿ ಕೋನ್‌ಗಳಿಗೆ ಹಾನಿ ಮಾಡುತ್ತದೆ ಎಂಬುದಕ್ಕೂ ಪುರಾವೆ ಇದೆ. ರಾಡ್ ಹೋಗುವುದಕ್ಕೂ ಕೋನ್ ಹೋಗುವುದಕ್ಕೂ ನಡುವೆ ಹಲವು ವರ್ಷ ಸಿಗುತ್ತದೆ. ‘ಏನೂ ಮಾಡಲಿಕ್ಕಿಲ್ಲ’ ಎಂಬ ಮಾತು ಹಾಳುಮಾಡುವುದು ಈ ವರ್ಷಗಳನ್ನೇ.

ಕೋನ್‌ಗಳೂ ಹೋದ ಮೇಲೆ ನಡುಸಾಲು ಮತ್ತು ಮುಂದಿನ ಸಾಲಿನ ಬಹಳಷ್ಟು ಕೋಶಗಳು ಉಳಿದಿರುತ್ತವೆ. ಅವುಗಳ ಜೋಡಣೆ ಅಸ್ತವ್ಯಸ್ತವಾಗುತ್ತ ಹೋಗುತ್ತದೆ, ನಿಜ. ಆದರೂ ಇವತ್ತಿನ ಸಂಶೋಧನೆ ನಿಂತಿರುವುದು ಆ ಉಳಿದ ಕೋಶಗಳ ಮೇಲೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆರ್‌ಪಿಯಿಂದ ಬೆಳಕಿನ ಅರಿವು ಮಾತ್ರ ಉಳಿದಿದ್ದ 58 ವರ್ಷದವರೊಬ್ಬರ ಗ್ಯಾಂಗ್ಲಿಯಾನ್ ಕೋಶಗಳಿಗೆ ಪಾಚಿಯ ಬೆಳಕು ಹಿಡಿಯುವ ಜೀನನ್ನು ಸೇರಿಸಿದರು. ತಿಂಗಳುಗಟ್ಟಲೆ ಅಭ್ಯಾಸವಾದ ಮೇಲೆ, ವಿಶೇಷ ಕನ್ನಡಕ ಹಾಕಿಕೊಂಡಾಗ, ಮೇಜಿನ ಮೇಲಿನ ಪುಸ್ತಕವನ್ನು ಕೈಚಾಚಿ ಮುಟ್ಟಲು, ಲೋಟ ಎಣಿಸಲು ಅವರಿಗೆ ಸಾಧ್ಯವಾಯಿತು. 2025ರ ಅಕ್ಟೋಬರಿನಲ್ಲಿ ಬಂದ, ರೆಟಿನಾದ ಅಡಿಯಲ್ಲಿ ಕೂರಿಸುವ ಪ್ರೈಮಾ ಚಿಪ್‌ನ ಅಧ್ಯಯನ ಮುಪ್ಪಿನಲ್ಲಿ ಮ್ಯಾಕುಲಾ, ಅಂದರೆ ರೆಟಿನಾದ ನಡುಭಾಗ, ಸವೆದವರದ್ದು. ಚಿಪ್‌ನ ಅಗಲ 2 ಮಿಲಿಮೀಟರ್, ಅದರಲ್ಲಿ ಬೆಳಕನ್ನು ವಿದ್ಯುತ್ತಾಗಿಸುವ 378 ಬಿಂದುಗಳು. 38 ಜನರಿಗೆ ಅಳವಡಿಸಿದರು. ವರ್ಷದ ಬಳಿಕ ಪರೀಕ್ಷೆಗೆ ಬಂದ 32 ಮಂದಿಯಲ್ಲಿ 26 ಜನರಿಗೆ ಅಕ್ಷರ ಗುರುತಿಸುವ ಶಕ್ತಿ ಗಣನೀಯವಾಗಿ ಹೆಚ್ಚಿತ್ತು. ಕಾಣುವುದು ಕಪ್ಪು-ಬಿಳುಪಿನಲ್ಲಿ, ಅದೂ ಕ್ಯಾಮೆರಾ ಕನ್ನಡಕ ತೊಟ್ಟಾಗ ಮಾತ್ರ.

ಇಂಥ ಸುದ್ದಿ ಪ್ರಕಟಿಸುವಾಗ ಯಾವ ಕಾಯಿಲೆಗೆ, ಎಷ್ಟು ಜನರಲ್ಲಿ, ಅವರು ಏನನ್ನು ಕಂಡರು ಎಂಬ ಮೂರು ವಿವರಗಳನ್ನು ತಪ್ಪದೆ ಬರೆಯಿರಿ ಎಂದು ಪತ್ರಿಕೆಗಳಲ್ಲಿ ನಮ್ಮ ವಿನಂತಿ. ‘ಕುರುಡರಿಗೆ ದೃಷ್ಟಿ’ ಎಂಬ ತಲೆಬರಹ ಓದಿ ಕಾರ್ಕಳ, ಬಂಟ್ವಾಳ ಕಡೆಯ ಮನೆಯವರು ನಾಳೆಯೇ ಚಿಪ್ ಹಾಕಿಸಲು ಹೊರಡುತ್ತಾರೆ. ಜೀನ್ ಚಿಕಿತ್ಸೆಯ ಕತೆಯೂ ಹೀಗೆಯೇ. ಅಮೆರಿಕದಲ್ಲಿ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಔಷಧ ಆರ್‌ಪಿಇ65 ಜೀನಿನ ಎರಡೂ ಪ್ರತಿ ಕೆಟ್ಟವರಿಗೆ ಮಾತ್ರ, ಅದೂ ರೆಟಿನಾದಲ್ಲಿ ಜೀವಂತ ಕೋಶಗಳು ಉಳಿದಿದ್ದರೆ ಮಾತ್ರ. ಅಲ್ಲಿ ಒಂದು ಕಣ್ಣಿಗೆ ಇಟ್ಟ ಬೆಲೆ 4.25 ಲಕ್ಷ ಡಾಲರ್. ತನ್ನ ಜೀನ್ ಯಾವುದೆಂದು ತಿಳಿಯದವರಿಗೆ ಆ ಬಾಗಿಲು ತೆರೆಯುವುದೇ ಇಲ್ಲ.

ಇನ್ನು ‘ಸ್ಟೆಮ್ ಸೆಲ್’, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳ ಇಂಜೆಕ್ಷನ್. ಅಮೆರಿಕದ ಫ್ಲಾರಿಡಾದಲ್ಲಿ ಮೂವರು ಮಹಿಳೆಯರು ತಲಾ 5,000 ಡಾಲರ್ ಕೊಟ್ಟು, ತಮ್ಮದೇ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿಸಿಕೊಂಡರು. ಅವರ ಕಣ್ಣೊಳಗೆ ರಕ್ತಸ್ರಾವವಾಗಿ, ರೆಟಿನಾ ಕಳಚಿ, ಇದ್ದ ನೋಟವೂ ಹೋಯಿತು. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಇದನ್ನು ಪ್ರಕಟಿಸಿತು. ಅದೇ ವರ್ಷದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟು ಬೇರೆಡೆ ಇಂಥ ಕೋಶಗಳನ್ನು ಕೊಡುವುದು ನೋಂದಾಯಿತ ಪ್ರಯೋಗದಲ್ಲಿ ಮಾತ್ರ. ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. ಪ್ರಯೋಗ ಅನ್ನುತ್ತ ದುಡ್ಡು ಕೇಳಿದರೆ, ಎರಡೂ ಕಣ್ಣಿಗೆ ಒಟ್ಟಿಗೆ ಅಂದರೆ, ಎದ್ದು ಬನ್ನಿ.

ಹಾಗಾದರೆ ಇವತ್ತು ಏನು ಮಾಡಬಹುದು? ಆರ್‌ಪಿ ಇರುವವರಿಗೆ ನಡುನೋಟ ಮಂಜಾದರೆ ಅದು ಕೋನ್ ಸಾವೇ ಎಂದು ತೀರ್ಮಾನಿಸಬಾರದು. ಹಲವರಲ್ಲಿ ಮ್ಯಾಕುಲಾದೊಳಗೆ ನೀರು ತುಂಬಿರುತ್ತದೆ. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ಅದು ಕಪ್ಪು ಗುಳ್ಳೆಗಳಂತೆ ಕಾಣುತ್ತದೆ. ಡಾರ್ಜೋಲಮೈಡ್ 2% ಹನಿಯನ್ನು ದಿನಕ್ಕೆ ಮೂರು ಸಲ ಹಾಕಿ, ಒಂದೆರಡು ತಿಂಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿದರೆ ಕೆಲವರಲ್ಲಿ ಗುಳ್ಳೆ ಇಳಿದಿರುತ್ತದೆ. ಇಳಿಯದಿದ್ದರೆ ಅಸಿಟಜೋಲಮೈಡ್ ಮಾತ್ರೆ ಇದೆ. ಸಲ್ಫಾ ಅಲರ್ಜಿ, ಮೂತ್ರಪಿಂಡದ ಕಲ್ಲು ಇದ್ದವರು ಮೊದಲೇ ಹೇಳಬೇಕು. ಮಸೂರದ ಹಿಂಬದಿಯಲ್ಲಿ ಬೇಗನೆ ಪೊರೆ ಬರುವುದೂ ಈ ಕಾಯಿಲೆಯಲ್ಲಿ ಸಾಮಾನ್ಯ. ಬಿಸಿಲಿಗೆ ಕಣ್ಣು ಕುಕ್ಕಿದರೆ ಅದನ್ನು ನೋಡಿಸಿ. ಮಸೂರವನ್ನು ಹಿಡಿದ ಎಳೆಗಳು ಕೆಲವರಲ್ಲಿ ಸಡಿಲವಾಗಿರುವುದರಿಂದ ಆರ್‌ಪಿ ಇರುವುದು ಆಪರೇಷನ್ ಮಾಡುವವರಿಗೆ ಮೊದಲೇ ಗೊತ್ತಿರಬೇಕು.

ಇರುಳುಗಣ್ಣು ಅಂದರೆ ವಿಟಮಿನ್ ಎ ಎಂಬ ಎಣಿಕೆ ಊರಿಡೀ ಇದೆ. ಕೊರತೆಯಿಂದ ಬಂದ ಇರುಳುಗಣ್ಣು ವಿಟಮಿನ್ ಕೊಟ್ಟ ಕೆಲವೇ ದಿನಗಳಲ್ಲಿ ಸುಧಾರಿಸುತ್ತದೆ, ಆರ್‌ಪಿ ಹಾಗಲ್ಲ. ನುಗ್ಗೆಸೊಪ್ಪು, ಪಪ್ಪಾಯಿ ತಿನ್ನಲಿ, ತೊಂದರೆಯಿಲ್ಲ. ದೊಡ್ಡ ಪ್ರಮಾಣದ ಮಾತ್ರೆ ಮಾತ್ರ ತಾವಾಗಿ ನುಂಗಬಾರದು. ಎಬಿಸಿಎ4 ಜೀನ್ ಕೆಟ್ಟವರಲ್ಲಿ ಅದು ರೆಟಿನಾದ ಕಸವನ್ನೇ ಹೆಚ್ಚಿಸುತ್ತದೆ, ಬಸುರಿಯರಲ್ಲಿ ಭ್ರೂಣಕ್ಕೆ ಕೆಡುಕು.

ಬೆಳಕಿಗೆ ರೆಟಿನಾ ಹೊಮ್ಮಿಸುವ ವಿದ್ಯುತ್ ಅಲೆಯನ್ನು ಅಳೆದು ಕಾಯಿಲೆಯನ್ನು ಖಚಿತಪಡಿಸುವ ಇಆರ್‌ಜಿ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಕಣ್ಣಿಗೆ ಹನಿ ಹಾಕಿ, ಪೂರ್ತಿ ಕತ್ತಲಲ್ಲಿ 20 ನಿಮಿಷ ಕೂರಿಸಿ, ಆಮೇಲೆ ಮಂದ ಬೆಳಕಿನ ಮಿಂಚು ಕೊಟ್ಟು ರಾಡ್‌ಗಳ ಉತ್ತರ ಅಳೆಯಬೇಕು. ಸರದಿ ಉದ್ದವಿದೆಯೆಂದು ಹತ್ತೇ ನಿಮಿಷಕ್ಕೆ ಶುರುಮಾಡಿದರೆ, ಜೊತೆಗೆ ಬಂದವರು ನಡುವೆ ಮೊಬೈಲ್ ತೆರೆದರೆ, ಚೆನ್ನಾಗಿರುವ ರಾಡ್‌ಗಳ ಅಲೆಯೂ ಸಣ್ಣದಾಗಿ ಬರುತ್ತದೆ. ಕಣ್ಣಿನ ಫೋಟೋ ತೆಗೆದ ಕೂಡಲೇ ಈ ಪರೀಕ್ಷೆ ಬೇಡ, ಅರ್ಧ ಗಂಟೆಯಾದರೂ ಬಿಡಬೇಕು.

ಮನೆತನದ ವಿಚಾರ ಸೂಕ್ಷ್ಮ. ಆದರೂ ಹೇಳದೆ ವಿಧಿಯಿಲ್ಲ. ಬಳಿ, ಅಂದರೆ ಕುಲ, ಬೇರೆಯಾದರೆ ರಕ್ತಸಂಬಂಧವಿಲ್ಲ ಎಂದು ತುಳುನಾಡಿನಲ್ಲಿ ನಂಬುವವರಿದ್ದಾರೆ. ಬಳಿ ಬರುವುದು ತಾಯಿಯ ಕಡೆಯಿಂದ ಮಾತ್ರ. ಸೋದರಮಾವನ ಮಗಳದ್ದು ಅವಳ ತಾಯಿಯ ಬಳಿ. ಮದುವೆಗೆ ಅಡ್ಡಿಯಿಲ್ಲ, ಆದರೆ ಜೀನಿನ ಲೆಕ್ಕದಲ್ಲಿ ಆ ಹುಡುಗ-ಹುಡುಗಿಯರಲ್ಲಿ ಎಂಟರಲ್ಲೊಂದು ಪಾಲು ಒಂದೇ. ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಸಾಧ್ಯತೆ. ಇನ್ನು ಮಾವನಿಗೆ ಇದ್ದು, ಅವನ ತಂಗಿಗೆ ಕಾಣದೆ, ಅವಳ ಮಗನಿಗೆ ಬಂದಿದ್ದರೆ ಮೊದಲು ಶಂಕಿಸಬೇಕಾದ್ದು ಎಕ್ಸ್ ಕ್ರೋಮೋಸೋಮಿನ ಆರ್‌ಪಿಜಿಆರ್ ಜೀನನ್ನು. ಆ ತಾಯಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಜೀನ್ ಪರೀಕ್ಷೆಗೆ ಹೋಗುವಾಗ ಮೂರು ತಲೆಮಾರಿನ ವಂಶವೃಕ್ಷ ಬರೆದೊಯ್ಯಿರಿ, ಜೊತೆಗೆ ತಂದೆತಾಯಿಯನ್ನೂ ಕರೆದೊಯ್ಯಿರಿ. ಸಿಕ್ಕ ಎರಡು ತಪ್ಪುಗಳು ಒಬ್ಬರಿಂದಲೇ ಬಂದವೋ, ಇಬ್ಬರಿಂದ ಒಂದೊಂದೋ ಎಂಬುದು ಅವರ ರಕ್ತ ನೋಡದೆ ತಿಳಿಯುವುದಿಲ್ಲ.

ಕೊನೆಯದು ಆಡಳಿತಕ್ಕೆ. ಆರ್‌ಪಿ ಇರುವವರು ಕಣ್ಣುಪರೀಕ್ಷೆಯ ಬೋರ್ಡಿನ ಕೊನೆಯ ಸಾಲುಗಳನ್ನೂ ಓದಬಲ್ಲರು, ಬಾಗಿಲ ಪಕ್ಕದ ಸ್ಟೂಲಿಗೆ ಎಡವಿ ಬೀಳಬಲ್ಲರು. ಬೋರ್ಡು ಓದಿದರೆಂದು ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅವರು ಕೊಟ್ಟ ಅರ್ಜಿಯನ್ನು ಹಿಂದಿರುಗಿಸುವುದು ಕಾನೂನಿಗೆ ವಿರುದ್ಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ದೃಷ್ಟಿಕ್ಷೇತ್ರಕ್ಕೂ, ಅಂದರೆ ನೋಟದ ಹರವಿಗೂ, ಅಳತೆಯಿದೆ: 40 ಡಿಗ್ರಿಗಿಂತ ಕಡಿಮೆಯಾಗಿ 10ರವರೆಗೆ ಇದ್ದರೆ ಮಂದದೃಷ್ಟಿ, 10ಕ್ಕಿಂತ ಕಡಿಮೆಯಾದರೆ ಅಂಧತ್ವ. ಪ್ರಮಾಣಪತ್ರದ ಶಿಬಿರದಲ್ಲಿ ಅದನ್ನು ಅಳೆಯುವ ಪೆರಿಮೀಟರ್ ಯಂತ್ರ ಇಲ್ಲದಿದ್ದರೆ ಇರುವ ಕಡೆಗೆ ಬರೆದು ಕಳುಹಿಸಲಿ. ನಡುವಿನ 24 ಡಿಗ್ರಿ ಅಳೆಯುವ ಪ್ರೋಗ್ರಾಂ ಗ್ಲಾಕೋಮಾಕ್ಕೆ ಸಾಕು, ಇವರಿಗೆ ಅಂಚಿನವರೆಗೂ ಅಳೆಯಬೇಕು. ಅರ್ಜಿದಾರರೇ, ಬಸ್ಸಿನಲ್ಲಿ ಬಂದು ಸುಸ್ತಾಗಿರುವಾಗ ಪರೀಕ್ಷೆಗೆ ಕೂರಬೇಡಿ. ಕಣ್ಣು ಆಚೀಚೆ ಓಡಿದರೆ ಯಂತ್ರವೇ ಫಲಿತಾಂಶವನ್ನು ನಂಬಲರ್ಹವಲ್ಲ ಎಂದು ಗುರುತಿಸುತ್ತದೆ. ಎರಡೂ ಕಣ್ಣಿನ ನಕಾಶೆಯ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ, ಮೂಲಪ್ರತಿ ನಿಮ್ಮ ಬಳಿಯೇ ಇರಲಿ.

ಇತಿ,
ರೆಟಿನಾ ಚಿಕಿತ್ಸೆ ಮತ್ತು ತಪಾಸಣೆಯಲ್ಲಿ ತೊಡಗಿರುವ ವೈದ್ಯರು
ಮಂಗಳೂರು